ಕಾತ್ಯಾಯನಿಯ ವಿದ್ಯೆ

ಬೃಹದಾರಣ್ಯಕೋಪನಿಷತ್ತಿನ ಯಾಜ್ಞವಲ್ಕ್ಯನಿಗೆ ಇಬ್ಬರು ಪತ್ನಿಯರು. ಅವರಲ್ಲಿ ಮೈತ್ರೇಯಿ ಬ್ರಹ್ಮವಾದಿನಿ. ಕಾತ್ಯಾಯನಿಯಾದರೋ ಸಾಮಾನ್ಯ ಸ್ತ್ರೀಯರಿಗೆ ಇರತಕ್ಕ ತಿಳಿವಳಿಕೆಯುಳ್ಳವಳು ಎಂದಷ್ಟೇ ಹೇಳಿ ಉಪನಿಷತ್ತು ಮುಂದೆ ಸಾಗುತ್ತದೆ. ಋಷಿಯು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡುವ ಸಂದರ್ಭದಲ್ಲಿ, ತನ್ನ ಸಂಪತ್ತನ್ನು ಇಬ್ಬರಿಗೂ ವಿಭಾಗಿಸಿಕೊಡುವೆನೆಂದಾಗ, ಧನಪೂರ್ಣವಾದ ಭೂಮಂಡಲವೆಲ್ಲ ತನ್ನದಾದರೂ ಅದರಿಂದ ಅಮೃತತ್ವವು ಲಭಿಸೀತೇ ಎಂದು ಮೈತ್ರೇಯಿ ಕೇಳಿದಳು. ಆ ಪ್ರಶ್ನೆಯ ಫಲವಾಗಿ ಆತ್ಮವಿದ್ಯೆಯ ಅತ್ಯುನ್ನತ ಸಂವಾದಗಳಲ್ಲೊಂದು ಲೋಕಕ್ಕೆ ದೊರೆತಿತು. ಕಾತ್ಯಾಯನಿ ಆಗ ಏನೆಂದಳೋ ಗ್ರಂಥವು ಒಂದಕ್ಷರವನ್ನೂ ನುಡಿಯದು. ಆದರೆ ಇದೇ ಯಾಜ್ಞವಲ್ಕ್ಯನು ಜನಕರಾಜನ ಯಜ್ಞಸಭೆಯಲ್ಲಿ, ಕೊಂಬುಗಳಿಗೆ ಚಿನ್ನ ಕಟ್ಟಿದ್ದ ಸಾವಿರ ಗೋವುಗಳನ್ನು, ವಾದವು ಆರಂಭವಾಗುವುದಕ್ಕೂ ಮೊದಲೇ, ಶಿಷ್ಯನೊಬ್ಬನಿಂದ ಮನೆಗೆ ಅಟ್ಟಿಸಿದನೆಂದು ಅದೇ ಉಪನಿಷತ್ತಿನಲ್ಲಿ ಓದುತ್ತೇವೆ. ಸಾವಿರ ಗೋವುಗಳು ಆಶ್ರಮದ ಅಂಗಳಕ್ಕೆ ಬಂದು ನಿಂತಾಗ ಅವುಗಳ ನೀರಿಗೆ, ಮೇವಿಗೆ, ಕರುಗಳ ಪಾಲನೆಗೆ, ಕರೆದ ಹಾಲು ಕೆಡದಂತೆ ಕಾಯಿಸಿ ಹೆಪ್ಪುಹಾಕುವುದಕ್ಕೆ, ಬ್ರಹ್ಮಜಿಜ್ಞಾಸೆಗೆಂದು ಬಂದು ಸೇರಿದ ಶಿಷ್ಯರ ಹಸಿವಿಗೆ ಯಾರೋ ಒಬ್ಬರು ಲೆಕ್ಕ ಹಾಕಿರಲೇಬೇಕು. ಅದು ಕಾತ್ಯಾಯನಿಯೇ ಇದ್ದಿರಬೇಕೆಂದು ನನ್ನ ಊಹೆ. ಶಾಸ್ತ್ರಾಧಾರವಿಲ್ಲದಿದ್ದರೂ ಅನುಭವವು ಆ ಊಹೆಯನ್ನು ಸಮರ್ಥಿಸುತ್ತದೆ.

ಆ ತಿಳಿವಳಿಕೆಯನ್ನು ವಿದ್ಯೆಯೆಂದು ಕರೆಯಬಹುದೇ? ಕರೆಯಬಹುದಾದರೆ ಅದಕ್ಕೆ ಆಚಾರ್ಯರಾಗತಕ್ಕವರು ಯಾರು, ಆ ಆಚಾರ್ಯತ್ವದ ಅಧಿಕಾರವು ಅವರಿಗೆ ಎಲ್ಲಿಂದ ಬರತಕ್ಕದ್ದು? ನಮ್ಮ ನಾಡಿನ ಹುಡುಗಿಯೊಬ್ಬಳು ಗೃಹವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಬಿ.ಎಡ್. ಮುಗಿಸಿ, ಪದವಿಪೂರ್ವ ಕಾಲೇಜಿನಲ್ಲಿ ಐಚ್ಛಿಕವಾಗಿರುವ ಆ ವಿಷಯಕ್ಕೆ ಉಪನ್ಯಾಸಕಿಯಾಗುವೆನೆಂದು ಹೊರಟಾಗ, ಬಂಧುಬಳಗದವರು ಮೊದಲು ಆಡುವ ಮಾತು, ಅಡುಗೆ ಕಲಿಯುವುದಕ್ಕೆ ಕಾಲೇಜು ಏತಕ್ಕೆ ಎಂಬುದು. ಆ ಮಾತಿನಲ್ಲಿ ತಾತ್ಸಾರವಿರುವುದು ನಿಜ. ಆದರೆ ತಾತ್ಸಾರವನ್ನು ತೆಗೆದಿಟ್ಟು ನೋಡಿದರೆ ಅದರೊಳಗೆ ಒಂದು ಯಥಾರ್ಥವಾದ ತತ್ತ್ವಪ್ರಶ್ನೆಯೂ ಇದೆ. ಮನೆಯ ತಿಳಿವು ತಾಯಿಯಿಂದ ಮಗಳಿಗೆ ಉಸಿರಿನಂತೆ ತಾನಾಗಿ ಇಳಿದುಬರುವುದಾದರೆ ಅದಕ್ಕೆ ಗುರುವೇ ಬೇಡ. ಅದು ರಸಾಯನಶಾಸ್ತ್ರದ ಒಂದು ಶಾಖೆ ಮಾತ್ರವಾದರೆ ತಾಯಿಯ ತಿಳಿವು ಅಜ್ಞಾನವಾಯಿತು, ತರಗತಿಗೆ ಬಂದು ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಜ್ಞಾನಿಯ ಸಂತಾನವಾಯಿತು. ಗಣಿತದ ಅಧ್ಯಾಪಕನಿಗೆ ಈ ಸಂಕಟವಿಲ್ಲ; ವರ್ಗಸಮೀಕರಣವನ್ನು ಬಿಡಿಸುವ ಕ್ರಮವನ್ನು ಮಗುವಿಗೆ ಅವನಿಗಿಂತ ಮೊದಲು ಮನೆಯಲ್ಲಿ ಯಾರೂ ಕಲಿಸಿರುವುದಿಲ್ಲ. ಅನ್ನವನ್ನು ಹೇಗೆ ಬೇಯಿಸಬೇಕು, ಅಳುವ ಕೂಸನ್ನು ಹೇಗೆ ಸಂತೈಸಬೇಕು, ಬಂದ ಹಣವನ್ನು ತಿಂಗಳ ಕಡೆಯವರೆಗೆ ಹೇಗೆ ಎಳೆದು ತರಬೇಕು ಎಂಬುದನ್ನು ಕಲಿಸಹೊರಟವರ ಮುಂದೆ ಮಾತ್ರ ಪ್ರತಿಯೊಬ್ಬ ವಿದ್ಯಾರ್ಥಿಯ ಬೆನ್ನ ಹಿಂದೆಯೂ ಅವನ ಪೂರ್ವಗುರುವು ಕಣ್ಣಿಗೆ ಕಾಣದೆ ನಿಂತಿರುತ್ತಾಳೆ.

ಈ ಶಾಸ್ತ್ರಕ್ಕೆ ಆಧುನಿಕ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯಳಾದ ಎಲೆನ್ ರಿಚರ್ಡ್ಸ್ ಎಂಬ ಅಮೆರಿಕದ ವಿದುಷಿಯ ಜೀವನವು ಈ ಸಂಕಟವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅವಳು ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಪ್ರವೇಶ ಪಡೆದ ಮೊತ್ತಮೊದಲ ಸ್ತ್ರೀ. 1873ರಲ್ಲಿ ಅಲ್ಲಿಂದ ಪದವೀಧರೆಯಾಗಿ, ರಸಾಯನಶಾಸ್ತ್ರಜ್ಞೆಯಾಗಿ, ಆ ರಾಜ್ಯದ ಕುಡಿಯುವ ನೀರಿನ ಶುದ್ಧಿಯನ್ನೂ ಅಂಗಡಿಗಳಲ್ಲಿ ಮಾರುವ ಆಹಾರಪದಾರ್ಥಗಳ ಕಲಬೆರಕೆಯನ್ನೂ ಶ್ರಮವಹಿಸಿ ಪರೀಕ್ಷಿಸಿದವಳು. ತಾನು ಕಲಿತ ವಿಜ್ಞಾನವು ಬಡವರ ಒಲೆಯವರೆಗೆ ಹೋಗಬೇಕೆಂಬುದು ಅವಳ ಹಂಬಲ. 1890ರಲ್ಲಿ ಬಾಸ್ಟನ್ ನಗರದಲ್ಲಿ ನ್ಯೂ ಇಂಗ್ಲೆಂಡ್ ಕಿಚನ್ ಎಂಬ ಪಾಕಶಾಲೆಯನ್ನು ಅವಳೂ ಅವಳ ಸಂಗಡಿಗರೂ ತೆರೆದರು. ಅಲ್ಪ ವೆಚ್ಚದಲ್ಲಿ ಅಧಿಕ ಪೋಷಣೆಯನ್ನು ಕೊಡುವ ಸಾರುಗಳನ್ನೂ ಗಂಜಿಗಳನ್ನೂ ತೂಕ ಅಳತೆಗಳ ಪ್ರಕಾರ ಸಿದ್ಧಪಡಿಸಿ ಕೂಲಿಕಾರರಿಗೆ ಮಾರುವುದು ಉದ್ದೇಶ. ಪದಾರ್ಥಗಳು ನಿರ್ದೋಷವಾಗಿದ್ದುವು, ಬೆಲೆಯೂ ಸುಲಭವಾಗಿತ್ತು. ಯಾರ ಉಪಯೋಗಕ್ಕಾಗಿ ಅದು ಹುಟ್ಟಿತೋ ಆ ಜನ ಮಾತ್ರ ನಿರೀಕ್ಷಿಸಿದಂತೆ ಬರಲಿಲ್ಲ. ಐರ್ಲೆಂಡಿನಿಂದ, ಇಟಲಿಯಿಂದ, ಇನ್ನೆಲ್ಲಿಂದಲೋ ಹಡಗೇರಿ ಬಂದಿದ್ದ ಆ ಬಡವರು ತಮ್ಮ ತಮ್ಮ ತಾಯಂದಿರ ಕೈಯ ರುಚಿಯನ್ನು ಬಿಟ್ಟು ಅನ್ಯರು ತಮಗೆ ಹಿತವೆಂದು ನಿಶ್ಚಯಿಸಿದ ಆಹಾರವನ್ನು ಉಣ್ಣಲು ಒಪ್ಪಲಿಲ್ಲ. ಆ ಪ್ರಯತ್ನವು ಸಂಪೂರ್ಣವಾಗಿ ವ್ಯರ್ಥವಾಯಿತೆನ್ನಲಾಗದು. 1894ರಿಂದ ಅದೇ ಪಾಕಶಾಲೆಯು ಬಾಸ್ಟನ್ನಿನ ಪ್ರೌಢಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಒದಗಿಸಿತು. ಆದರೂ ಆ ಬಡವರ ನಿರಾಕರಣೆಯಲ್ಲಿದ್ದ ಮಾನವನ್ನು ನಾವು ಗೌರವಿಸಬೇಕು. ಪೋಷಣೆಯ ಲೆಕ್ಕದಲ್ಲಿ ಅವರು ತಪ್ಪಿರಬಹುದು. ಆದರೆ ಊಟವೆಂಬುದು ಪೋಷಣೆಯ ಲೆಕ್ಕಕ್ಕಿಂತ ದೊಡ್ಡದಾದ ಒಂದು ಸಂಬಂಧವೆಂಬುದನ್ನು ಅವರು ತಿಳಿದಿದ್ದರು.

1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಆರಂಭವಾದ ಸಮ್ಮೇಳನಗಳ ಪರಿಣಾಮವಾಗಿ 1909ರಲ್ಲಿ ಅಮೆರಿಕದಲ್ಲಿ ಈ ವಿಷಯದ ಸಂಘವೊಂದು ಹುಟ್ಟಿ, ರಿಚರ್ಡ್ಸಳೇ ಅದರ ಪ್ರಥಮ ಅಧ್ಯಕ್ಷೆಯಾದಳು. ಅಲ್ಲಿ ಇಂದು ಇದನ್ನು ಕುಟುಂಬ ಮತ್ತು ಗ್ರಾಹಕ ವಿಜ್ಞಾನವೆಂದು ಕರೆಯುತ್ತಾರೆ. ಆ ಬೆಳವಣಿಗೆಯ ನಡುವೆ ಒಂದು ಸಂಗತಿ ನಡೆಯಿತು. ಗೃಹವಿಜ್ಞಾನದ ಅಧ್ಯಾಪಕರಾಗಬೇಕೆನ್ನುವವರೆಲ್ಲರೂ ಅದನ್ನು ತಿಳಿದಿರಬೇಕೆಂದು ನನಗೆ ತೋರುತ್ತದೆ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಗೃಹನಿರ್ವಹಣೆಯನ್ನು ಪುಸ್ತಕದಿಂದಲ್ಲದೆ ಅನುಭವದಿಂದ ಕಲಿಯಲೆಂದು, ವಿದ್ಯಾರ್ಥಿನಿಯರು ಕೆಲವು ವಾರಗಳ ಕಾಲ ಒಟ್ಟಿಗೆ ವಾಸಿಸುವ ಅಭ್ಯಾಸಗೃಹವೊಂದಿತ್ತು. ಅಡುಗೆ, ಆಯವ್ಯಯ, ಶುಚಿತ್ವ, ಆತಿಥ್ಯ ಎಲ್ಲವನ್ನೂ ಅವರು ಸರದಿಯ ಮೇಲೆ ನಿರ್ವಹಿಸುತ್ತಿದ್ದರು. ಮನೆಯೆಂದ ಮೇಲೆ ಮಗುವೂ ಬೇಕಷ್ಟೆ. 1919ರಿಂದ ಮೊದಲ್ಗೊಂಡು ಸುಮಾರು ಅರ್ಧ ಶತಮಾನದವರೆಗೆ, ಅನಾಥಾಲಯಗಳಿಂದ ಎಳೆಯ ಶಿಶುಗಳನ್ನು ಆ ಗೃಹಕ್ಕೆ ತಂದಿರಿಸಿಕೊಂಡು, ವಿದ್ಯಾರ್ಥಿನಿಯರು ಸರದಿಯ ಮೇಲೆ ತಾಯ್ತನವನ್ನು ಅಭ್ಯಾಸ ಮಾಡಿದರು. ಶಿಶುವಿನ ತೂಕ, ನಿದ್ರೆಯ ವೇಳೆ, ಹಾಲಿನ ಪ್ರಮಾಣ, ಸ್ನಾನ, ಬಿಸಿಲು ಎಲ್ಲವೂ ಪತ್ರಗಳಲ್ಲಿ ದಾಖಲಾಗುತ್ತಿದ್ದುವು. ಆ ಶಿಶುಗಳು ಚೆನ್ನಾಗಿ ಬೆಳೆದುವು, ಅವನ್ನು ದತ್ತು ತೆಗೆದುಕೊಳ್ಳಲು ದಂಪತಿಗಳು ಮುಂದೆ ಬರುತ್ತಿದ್ದರು. ಆ ಹುಡುಗಿಯರಲ್ಲಿ ಮಮತೆಯಿರಲಿಲ್ಲವೆಂದು ಹೇಳುವುದು ಮಹಾಪರಾಧವಾದೀತು. ಅವರಲ್ಲಿ ಎಷ್ಟೋ ಮಂದಿ ಆ ಕೂಸುಗಳನ್ನು ಬಿಟ್ಟುಕೊಡುವಾಗ ಕಣ್ಣೀರಿಟ್ಟಿರಬೇಕು. ಆದರೂ ಆ ವ್ಯವಸ್ಥೆಯ ತಳದಲ್ಲಿ ಒಂದು ತತ್ತ್ವದೋಷವಿತ್ತು. ಮಗುವಿಗೆ ಬೇಕಾದದ್ದು ತಾಯ್ತನದ ಕ್ರಿಯೆಗಳ ಮೊತ್ತವೆಂದೂ, ಆ ಕ್ರಿಯೆಗಳು ನ್ಯೂನತೆಯಿಲ್ಲದೆ ನಡೆದರೆ ಅವನ್ನು ನಡೆಸುವ ಕೈಗಳು ವಾರವಾರಕ್ಕೆ ಬದಲಾದರೂ ಚಿಂತೆಯಿಲ್ಲವೆಂದೂ ಅದು ಭಾವಿಸಿತ್ತು. ಜಾನ್ ಬೌಲ್ಬಿ ಎಂಬ ಆಂಗ್ಲ ಮನೋವೈದ್ಯನು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿಯಲ್ಲಿ, ಶಿಶುವಿನ ಮನಸ್ಸು ಒಬ್ಬಳೇ ಆದ, ಸ್ಥಿರಳಾದ ಪೋಷಕಿಯನ್ನು ಆಶ್ರಯಿಸಿ ಅರಳತಕ್ಕದ್ದೆಂದು ಪ್ರತಿಪಾದಿಸಿದಾಗ, ಒಲೆಯ ಮುಂದೆ ಕುಳಿತ ಯಾವ ಅಜ್ಜಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ವಿದ್ಯೆಗೂ ಕೌಶಲಕ್ಕೂ ಇರುವ ಭೇದವು ಇಲ್ಲಿ ಪ್ರಕಟವಾಗುತ್ತದೆ. ಕೌಶಲವು ಕ್ರಿಯೆಯನ್ನು ಬಲ್ಲುದು. ವಿದ್ಯೆಯು ಆ ಕ್ರಿಯೆಯು ಯಾರಿಗಾಗಿ ನಡೆಯುತ್ತಿದೆಯೋ ಆ ವ್ಯಕ್ತಿಯನ್ನು ಬಲ್ಲುದು, ಕ್ರಿಯೆ ಎಲ್ಲಿ ನಿಲ್ಲಬೇಕೆಂಬುದನ್ನೂ ಬಲ್ಲುದು. ಇಷ್ಟು ಹೇಳಿದ ಮಾತ್ರಕ್ಕೆ ಪರಂಪರೆಯೆಲ್ಲ ಪ್ರಮಾಣ, ಪ್ರಯೋಗಶಾಲೆಯೆಲ್ಲ ಭ್ರಾಂತಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದು ಅಷ್ಟೇ ದೊಡ್ಡ ತಪ್ಪು. ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಿಂದಲೇ ಬಸ್ಸಾರು ಮಾಡುತ್ತಾರೆ; ಬೆಂದ ನೀರಿನಲ್ಲಿ ಕರಗುವ ಜೀವಸತ್ತ್ವಗಳು ಪೋಲಾಗಬಾರದೆಂಬ ಪಠ್ಯಪುಸ್ತಕದ ಸೂತ್ರವು ಅಲ್ಲಿ ಯಾರ ಬೋಧನೆಯೂ ಇಲ್ಲದೆ ಪಾಲಿತವಾಗುತ್ತಿದೆ. ಕಾಳನ್ನು ನೆನೆಹಾಕಿ ಮೊಳಕೆ ಕಟ್ಟಿಸುವುದು, ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕು ಸುಣ್ಣದ ಅಂಶವುಳ್ಳ ರಾಗಿಯನ್ನು ಎಳೆಯ ಮಗುವಿನ ಮೊದಲ ಆಹಾರವನ್ನಾಗಿ ಮಾಡುವುದು, ಇವೂ ಅಂಥವೇ. ಆದರೆ ಅದೇ ಮನೆಗಳಲ್ಲಿ ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿ ಕೂಸಿಗೆ ಜೇನನ್ನೋ ಸಕ್ಕರೆನೀರನ್ನೋ ನೆಕ್ಕಿಸುವ ವಾಡಿಕೆಯೂ ಉಂಟು. ಬಾಣಂತಿಗೆ ಬೇಕಾದಷ್ಟು ನೀರನ್ನೂ ಕೊಡದೆ ಪಥ್ಯದ ಹೆಸರಿನಲ್ಲಿ ಬಾಯಾರಿಸುವುದೂ ಉಂಟು. ಸೋಂಕಿನಿಂದ ಶಿಶುವನ್ನು ಕಾಯುವ ಸತ್ತ್ವವು ಆ ಮೊದಲ ಹಾಲಿನಲ್ಲಿಯೇ ಇದೆಯೆಂಬುದನ್ನು ಹೇಳದೆ ಬಿಡುವುದು ವಿನಯವಾಗದು, ಕರ್ತವ್ಯಲೋಪವಾದೀತು.

ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ನಮ್ಮಜ್ಜಿ ಹಾಗೆಯೇ ಮಾಡುತ್ತಾರೆ ಮೇಡಂ, ಎನ್ನುತ್ತಾಳೆ. ಗೃಹವಿಜ್ಞಾನದ ಅಧ್ಯಾಪಕಿಯ ಅಧಿಕಾರವು ಪರೀಕ್ಷೆಗೆ ಗುರಿಯಾಗುವುದು ಆ ಕ್ಷಣದಲ್ಲಿ, ಪದವಿಪತ್ರವಾಗಲಿ, ಬಿ.ಎಡ್. ತರಬೇತಿಯಲ್ಲಿ ಬರೆದ ಪಾಠಯೋಜನೆಯಾಗಲಿ ಅಲ್ಲಿ ನೆರವಿಗೆ ಬಾರವು. ಅಜ್ಜಿಯನ್ನು ಮೂಢಳೆಂದರೆ ಆ ಹುಡುಗಿ ವಿಜ್ಞಾನವನ್ನು ಉತ್ತರಪತ್ರಿಕೆಗೆ ಇಟ್ಟುಕೊಂಡು ಮನೆಗೆ ಬರಿಗೈಯಲ್ಲಿ ಹೋಗುತ್ತಾಳೆ. ಅಜ್ಜಿ ಸರಿಯೆಂದರೆ ಮುಂದೊಂದು ಕೂಸಿಗೆ ಅನ್ಯಾಯವಾಗುತ್ತದೆ. ಮಗುವಿಗೆ ಕೆಟ್ಟುಹೋದದ್ದನ್ನು ಉಣಿಸಬಾರದೆಂಬ ಕಾಳಜಿಯೇ ಅಜ್ಜಿಯ ಆ ಆಚಾರದ ಮೂಲವೆಂಬುದನ್ನು ಕಂಡು, ಆ ಕಾಳಜಿಯನ್ನು ಕೊಂಡಾಡಿ, ಅದೇ ಕಾಳಜಿಯು ಈಗ ಬೇರೊಂದು ಆಚಾರವನ್ನು ಬೇಡುತ್ತದೆಂದು ತಿಳಿಸಬಲ್ಲವಳು ಮಾತ್ರ ಈ ಶಾಸ್ತ್ರದ ಅಧಿಕಾರಿಣಿ.

ವಿಜ್ಞಾನವೇ ತನ್ನ ಮೂಲದಲ್ಲಿ ಅಡುಗೆಮನೆಗೆ ಋಣಿಯಾಗಿರುವ ಒಂದು ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ ಐಕ್‌ಮನ್ ಎಂಬ ಡಚ್ ವೈದ್ಯನ ಕೋಳಿಗಳು, ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬೆಳ್ಳಕ್ಕಿಯ ಅನ್ನವನ್ನು ತಿಂದು ಕಾಲು ಬಿದ್ದುಹೋಗಿದ್ದಾಗ, ಹೊಸದಾಗಿ ಬಂದ ಅಡುಗೆಯವನೊಬ್ಬನು ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಹಾಕಲಾಗದೆಂದು ಹಠ ಹಿಡಿದನು. ಬೇರೆ ದಾರಿಯಿಲ್ಲದೆ ತೌಡು ತೆಗೆಯದ ಅಕ್ಕಿಯನ್ನು ತಿಂದ ಕೋಳಿಗಳು ಚೇತರಿಸಿಕೊಂಡುವು. ಆ ಒಂದು ಸುಳಿವಿನಿಂದ ಮುಂದೆ ಜೀವಸತ್ತ್ವಗಳ ಶಾಸ್ತ್ರವೇ ತೆರೆದುಕೊಂಡಿತು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತು. ಉಗ್ರಾಣದ ಲೆಕ್ಕವನ್ನು ಧರ್ಮವೆಂದು ಪಾಲಿಸಿದ ಆ ಅಡುಗೆಯವನಲ್ಲಿ ನನಗೆ ಕಾತ್ಯಾಯನಿಯ ವಂಶದ ಕುರುಹು ಕಾಣುತ್ತದೆ.

ನಮ್ಮ ದೇಶದಲ್ಲಿ ಈ ವಿಷಯದ ಉನ್ನತ ಶಿಕ್ಷಣವು ದೆಹಲಿಯಲ್ಲಿ 1932ರಲ್ಲಿ ಸ್ಥಾಪಿತವಾದ ಲೇಡಿ ಇರ್ವಿನ್ ಕಾಲೇಜು, ಸ್ವಾತಂತ್ರ್ಯಾನಂತರ ಬರೋಡದ ಗೃಹವಿಜ್ಞಾನ ವಿಭಾಗ, ಕೊಯಮತ್ತೂರಿನ ಅವಿನಾಶಿಲಿಂಗಂ ಸಂಸ್ಥೆ, 1974ರಲ್ಲಿ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಮುಂತಾದುವುಗಳ ಮೂಲಕ ಬೇರೂರಿತು. ಆದರೆ ಶಾಸ್ತ್ರವು ಹೊಸದಾಗಿ ಹುಟ್ಟಿತೆಂದು ಕನ್ನಡಿಗರು ಹೇಳುವಂತಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೇ ಪಾಕವಿಚಾರಕ್ಕೆ ಸ್ಥಾನವಿದೆ, ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ರಚಿಸಿದನು. ಅವೆಲ್ಲವುಗಳಿಗಿಂತ ಹೆಚ್ಚಾಗಿ ನಾನು ಗೃಹವಿಜ್ಞಾನದ ಮೂಲಪಾಠವೆಂದು ಎಣಿಸುವುದು ಹನ್ನೆರಡನೆಯ ಶತಮಾನದ ಲಕ್ಕಮ್ಮನ ಕಥೆಯನ್ನು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ, ಅವರ ಊಟ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹರ್ಷಿಸಲಿಲ್ಲ. ಇಂದಿಗೆ ಸಾಕಾದಷ್ಟನ್ನು ಮೀರಿದ ಅಕ್ಕಿ ನಮ್ಮದಲ್ಲವೆಂದು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಇಂದಿನ ಪಠ್ಯಕ್ರಮದಲ್ಲಿ ಗ್ರಾಹಕ ಶಿಕ್ಷಣವೆಂಬ ಭಾಗವಿದೆ. ಅಗ್ಮಾರ್ಕ್ ಐಎಸ್‌ಐ ಚಿಹ್ನೆಗಳನ್ನು ಗುರುತಿಸುವುದು, ಅರಿಸಿನದ ಪುಡಿಯ ಬಣ್ಣದ ಕಲಬೆರಕೆಯನ್ನು ಪರೀಕ್ಷಿಸುವುದು, ಗ್ರಾಹಕ ನ್ಯಾಯಾಲಯಕ್ಕೆ ದೂರು ಬರೆಯುವುದು ಮೊದಲಾದ ಉಪಯುಕ್ತ ಪಾಠಗಳು ಅದರಲ್ಲಿವೆ. ಆದರೆ ಮಾರುವವನು ಮೋಸ ಮಾಡದಿರುವಂತೆ ನೋಡಿಕೊಳ್ಳುವುದು ಆ ಶಿಕ್ಷಣದ ಅರ್ಧ; ಕೊಳ್ಳುವವನಿಗೆ ಎಷ್ಟು ಬೇಕು ಎಂಬ ಪ್ರಶ್ನೆ ಉಳಿದರ್ಧ, ಮತ್ತು ಅದು ಯಾವ ಕಾನೂನಿನ ವ್ಯಾಪ್ತಿಗೂ ಸೇರತಕ್ಕದ್ದಲ್ಲ. ಆ ಪ್ರಶ್ನೆಯನ್ನು ತಮ್ಮ ಸಂಸಾರದಲ್ಲಿ ಒಮ್ಮೆಯೂ ಕೇಳಿಕೊಳ್ಳದವರು ತರಗತಿಯಲ್ಲಿ ಅದನ್ನು ಕೇಳಿದರೆ ಮಕ್ಕಳು ಕೂಡಲೇ ಕಂಡುಕೊಳ್ಳುತ್ತಾರೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಗೃಹಕೃತ್ಯಕ್ಕೆ ವಿದ್ಯೆಯ ಪದವಿಯನ್ನು ಕೊಟ್ಟು ಹೊಗಳುವುದು ಹೆಣ್ಣನ್ನು ಒಲೆಯ ಮುಂದೆಯೇ ಕೂರಿಸುವ ಉಪಾಯವಲ್ಲವೇ ಎಂಬುದು ಆ ಆಕ್ಷೇಪಣೆ. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದಾಗ ಪತಿಸೇವೆಯ ಉಪದೇಶದ ನಡುವೆಯೇ ಹೆಣ್ಣನ್ನು ಹೀನೈಸುವವರನ್ನು ಎದುರಿಸಿ ಪ್ರಶ್ನಿಸಿದಳು, ಆ ಕಾಲದ ಚೌಕಟ್ಟಿನೊಳಗೆ ಅಷ್ಟು ಧೈರ್ಯವು ದೊಡ್ಡದೇ. ಚೌಕಟ್ಟು ಮಾತ್ರ ಅಲ್ಲಿಯೇ ಉಳಿಯಿತು. ನನ್ನ ವಿಚಾರ ಇಷ್ಟು: ಜನ್ಮದಿಂದ ಒದಗುವುದು ವಿಧಿಯಾದೀತು, ರೂಢಿಯಾದೀತು, ವಿದ್ಯೆಯಾಗದು, ವಿದ್ಯೆಗೆ ಜಿಜ್ಞಾಸೆಯೊಂದೇ ಪ್ರವೇಶದ್ವಾರ. ಗೃಹವಿಜ್ಞಾನವು ವಿದ್ಯೆಯೆಂದು ಒಪ್ಪಿದ ಗಳಿಗೆಯಲ್ಲಿಯೇ ಅದು ಹುಡುಗರಿಗೂ ಸಲ್ಲತಕ್ಕದ್ದೆಂದು ಒಪ್ಪಿದಂತಾಯಿತು. ಅಮೆರಿಕದಲ್ಲಿ ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಶಾಸನದ ಬಳಿಕ ಹುಡುಗರೂ ಈ ತರಗತಿಗಳಲ್ಲಿ ಕುಳಿತರು. ನಮ್ಮಲ್ಲಿ ಈ ವಿಷಯವನ್ನು ಬಹುಮಟ್ಟಿಗೆ ಬಾಲಿಕೆಯರ ಪಾಲಿಗೇ ಬಿಟ್ಟಿರುವವರೆಗೆ ಆ ಆಕ್ಷೇಪಣೆಯಲ್ಲಿ ಸತ್ಯವಿರುತ್ತದೆ, ನಾಚಿಕೆ ನಮ್ಮದಾಗಿರುತ್ತದೆ.

ಈ ವಿದ್ಯೆಯ ಆಚಾರ್ಯರು ಹೇಗಿರಬೇಕೆಂಬುದಕ್ಕೆ ಮಹಾಭಾರತದ ಅರಣ್ಯಪರ್ವದಲ್ಲಿ ಹೆಸರೇ ಇಲ್ಲದ ಒಬ್ಬ ಗೃಹಿಣಿ ಇದ್ದಾಳೆ. ತಪೋಬಲದಿಂದ ಬಕಪಕ್ಷಿಯನ್ನು ಸುಟ್ಟ ಕೌಶಿಕನು ಭಿಕ್ಷೆಗೆ ಬಂದು, ತಡವಾಯಿತೆಂದು ಕೋಪಿಸಿಕೊಂಡಾಗ, ತಾನು ಬಕವಲ್ಲವೆಂದು ಶಾಂತವಾಗಿ ತಿಳಿಸಿ, ಧರ್ಮದ ಸೂಕ್ಷ್ಮವನ್ನು ಅವನಿಗೆ ತನಗೆ ತಿಳಿದಷ್ಟು ಹೇಳಿ, ಉಳಿದುದನ್ನು ಮಿಥಿಲೆಯ ವ್ಯಾಧನ ಬಳಿ ಕೇಳು ಎಂದು ಕಳುಹಿಸಿಕೊಟ್ಟಳು. ಪತಿಶುಶ್ರೂಷೆಯೇ ಅವಳ ಶಕ್ತಿಯ ಮೂಲವೆಂದು ಕಥೆ ಹೇಳುತ್ತದೆ. ಆ ಭಾಗವನ್ನು ಇಂದು ನಾವು ಯಥಾವತ್ತಾಗಿ ಸ್ವೀಕರಿಸಲಾರೆವು. ನನ್ನನ್ನು ಸೆರೆಹಿಡಿಯುವುದು ಅವಳ ಅಧ್ಯಾಪನದ ರೀತಿ. ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ, ಶಾಪಕ್ಕೆ ಹೆದರಲಿಲ್ಲ, ಶಿಷ್ಯನನ್ನು ಅವಮಾನಿಸಲಿಲ್ಲ, ತನ್ನ ತಿಳಿವಿನ ಗಡಿಯನ್ನು ಅರಿತು, ಮಾಂಸದಂಗಡಿಯವನೊಬ್ಬನಲ್ಲಿ ತನಗಿಂತ ಹೆಚ್ಚಿನ ತಿಳಿವಿದೆಯೆಂದು ಸಂಕೋಚವಿಲ್ಲದೆ ಹೇಳಿದಳು.

ಮನುಸ್ಮೃತಿಯಲ್ಲಿ ನಾವು ಇಂದು ತ್ಯಜಿಸಬೇಕಾದ ಮಾತುಗಳು ಅನೇಕವಿದ್ದರೂ, ಅದರ ಮೂರನೆಯ ಅಧ್ಯಾಯದ ಒಂದು ವಿಚಾರವು ಗೃಹವಿಜ್ಞಾನದ ಅಧ್ಯಾಪಕರಿಗೆಂದೇ ಹುಟ್ಟಿದಂತಿದೆ. ಒಲೆ, ಬೀಸುಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ, ಈ ಐದೂ ಗೃಹಸ್ಥನ ಮನೆಯ ವಧಾಸ್ಥಾನಗಳು. ದಿನದಿನವೂ ಅರಿಯದೆಯೇ ಅಲ್ಲಿ ಜೀವಹಿಂಸೆ ನಡೆಯುತ್ತದೆ. ಮನೆಯು ಪವಿತ್ರವೆಂದು ನಾವು ಹಾಡಿ ಹೊಗಳುವಾಗ, ಅದು ಅನ್ಯಜೀವಗಳ ವೆಚ್ಚದಲ್ಲಿ ನಡೆಯುವ ಸಂಸ್ಥೆಯೆಂದು ಇಷ್ಟು ಸ್ಪಷ್ಟವಾಗಿ ನೆನಪಿಸಿದ ಮಾತು ವಿರಳ. ಆ ದೋಷದ ಪರಿಹಾರಕ್ಕಾಗಿ ಐದು ಮಹಾಯಜ್ಞಗಳನ್ನು ಅಲ್ಲಿ ವಿಧಿಸಿದೆ. ಪಿತೃಗಳಿಗೆ ತರ್ಪಣ, ದೇವತೆಗಳಿಗೆ ಹೋಮ, ಭೂತಗಳಿಗೆ ಬಲಿ, ಅತಿಥಿಗೆ ಪೂಜೆ. ಇವೆಲ್ಲಕ್ಕೂ ಮೊದಲನೆಯದಾಗಿ ಎಣಿಸಿರುವುದು ಅಧ್ಯಾಪನವನ್ನು. ಕಲಿಸುವುದೇ ಬ್ರಹ್ಮಯಜ್ಞ. ಒಲೆಯ ಋಣವನ್ನು ತೀರಿಸುವ ಮಾರ್ಗಗಳಲ್ಲಿ ಬೋಧನೆಗೆ ಅಗ್ರಸ್ಥಾನವನ್ನು ಕೊಟ್ಟಾಗ ಸ್ಮೃತಿಕಾರನ ಮನಸ್ಸಿನಲ್ಲಿದ್ದುದು ವೇದಾಧ್ಯಾಪನವೇ ಸರಿ. ಆದರೂ ಒಲೆಯನ್ನು ಕುರಿತೇ ಬೋಧಿಸುವವರಿಗೆ ಆ ಯಜ್ಞದಲ್ಲಿ ಪಾಲಿಲ್ಲವೆಂದು ಹೇಳುವುದಕ್ಕೆ ನನಗೆ ಕಾರಣ ತೋರದು. ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ಭೃಗುವೂ ತಪಸ್ಸಿನಿಂದ ಮೊದಲು ಕಂಡದ್ದು ಅನ್ನವನ್ನು. ಆನಂದದವರೆಗೆ ಏರಿದ ಮೇಲೆಯೂ ಆ ವಲ್ಲಿಯು ಅನ್ನವನ್ನು ನಿಂದಿಸಬಾರದು, ಚೆಲ್ಲಬಾರದು, ಹೆಚ್ಚಿಸಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳುಹಿಸಬಾರದು ಎಂಬ ವ್ರತಗಳಿಗೆ ಮರಳುತ್ತದೆ. ಮೈತ್ರೇಯಿಯ ಶಿಖರದಿಂದ ಕಾತ್ಯಾಯನಿಯ ಅಂಗಳಕ್ಕೆ ದಾರಿ ಎಂದೂ ಕಡಿದಿರಲಿಲ್ಲ.

ಇಷ್ಟನ್ನೆಲ್ಲ ಒಪ್ಪಿದರೆ ಅಧ್ಯಾಪಕರ ತರಬೇತಿಯಲ್ಲಿ ಒಂದು ಬದಲಾವಣೆಯನ್ನಾದರೂ ಮಾಡಬೇಕಾಗುತ್ತದೆ. ಕೃಷಿ ವಿಶ್ವವಿದ್ಯಾನಿಲಯಗಳು ತಮ್ಮ ಪದವಿ ವಿದ್ಯಾರ್ಥಿಗಳನ್ನು ಕೆಲಕಾಲ ಹಳ್ಳಿಗಳಲ್ಲಿ ಇರಿಸುತ್ತವೆ, ಬಿ.ಎಡ್. ಅಭ್ಯರ್ಥಿಯಾದರೋ ಶಾಲೆಯಲ್ಲಿ ಅಭ್ಯಾಸಪಾಠಗಳನ್ನು ಮಾಡಿ ಮುಗಿಸುತ್ತಾಳೆ, ತನ್ನ ಮುಂದಿನ ವಿದ್ಯಾರ್ಥಿಗಳ ಮನೆಯ ಹೊಸ್ತಿಲನ್ನು ಕಾಣುವುದೇ ಇಲ್ಲ. ಬೋಧಿಸುವುದಕ್ಕೆ ಮುಂಚೆ ಅವಳು, ಅಥವಾ ಅವನು, ತನ್ನದಲ್ಲದ ಜಾತಿಯ, ತನ್ನದಲ್ಲದ ಆದಾಯದ ಒಂದು ಮನೆಯಲ್ಲಿ ಕೆಲವು ದಿನ ಕಲಿಯುವವರಾಗಿ ಕುಳಿತು, ಅಲ್ಲಿಯ ಹಿರಿಯಳು ಬೆಳಗಿನಿಂದ ರಾತ್ರಿಯವರೆಗೆ ಏನನ್ನು ಏತಕ್ಕಾಗಿ ಮಾಡುತ್ತಾಳೆಂಬುದನ್ನು ಕೇಳಿ ಬರೆದುಕೊಳ್ಳಬೇಕು. ತಿದ್ದಬೇಕೆನಿಸಿದುದನ್ನು ಆ ದಿನಗಳಲ್ಲಿ ತಿದ್ದಕೂಡದು. ಆ ಬರೆಹವನ್ನು ಪರೀಕ್ಷಕರು ಓದಿ ಅಂಕ ಕೊಡಲಿ. ಆದರೆ ಅದಕ್ಕೆ ಮೊದಲು ಅದನ್ನು ಆ ಮನೆಯಾಕೆಗೇ ಓದಿ ಹೇಳಿ, ತಾನು ಕಂಡುದು ಸರಿಯೇ ಎಂದು ಅವಳನ್ನೇ ಕೇಳಬೇಕು.